ಬಣ್ಣ, ಬೆಣ್ಣೆ, ಭಟ್ಟಿ: ಹಳೇ ದಾವಣಗೆರೆಯ ಓಣಿಗಳಲ್ಲಿ

ಕಲಾವಿದರ ಓಣಿ ಎಂದ ಕೂಡಲೇ ನಮ್ಮ ಪ್ರವಾಸ ಬರಹಗಾರರು ಪ್ಯಾರಿಸ್ಸಿಗೆ ಹಾರುತ್ತಾರೆ. ಕರ್ನಾಟಕದೊಳಗೇ ಉಳಿದರೆ ಧಾರವಾಡ, ಮೈಸೂರು, ಹೆಗ್ಗೋಡು. ದಾವಣಗೆರೆಯ ಹೆಸರು ಅಲ್ಲೆಲ್ಲೂ ಸುಳಿಯುವುದಿಲ್ಲ. ದಾವಣಗೆರೆ ಎಂದರೆ ವ್ಯಾಪಾರ, ಕಾಲೇಜು, ರಾಜಕೀಯ ಸಮಾವೇಶ, ಮತ್ತೆ ದೋಸೆ. ಹೆದ್ದಾರಿಯಿಂದ ಕಾರನ್ನು ಒಳಗೆ ತಿರುಗಿಸಿ, ಬೆಣ್ಣೆ ದೋಸೆ ತಿಂದು, ಫೋಟೊ ತೆಗೆದು, ಮತ್ತೆ ಹೆದ್ದಾರಿ ಹಿಡಿಯುವವರೇ ಹೆಚ್ಚು. ಬಣ್ಣ ಹಚ್ಚುವವರು, ಹಾರ್ಮೋನಿಯಂ ನುಡಿಸುವವರು, ಪರದೆ ಬರೆಯುವವರು, ಗರಡಿಯ ಪೈಲ್ವಾನರು, ರಾತ್ರಿ ಪಾಳಿ ಮುಗಿಸಿ ಬರುವ ಮಿಲ್ಲಿನ ಕಾರ್ಮಿಕರು ಒತ್ತೊತ್ತಾಗಿ ಬದುಕಿದ ಹಳೇ ದಾವಣಗೆರೆಯೊಂದು ಇತ್ತು. ಅದರಲ್ಲಿ ಈಗ ಏನು ಉಳಿದಿದೆ ಎಂದು ನೋಡಲು ಯುಗಾದಿ ಕಳೆದ ಮೇಲೆ ಹೊರಟೆ. ಬಿಸಿಲಿಗೆ ಹೆದರುವವರು ಆ ಕಾಲದಲ್ಲಿ ಅಲ್ಲಿಗೆ ಹೋಗಬಾರದು. ನಾಟಕದ ಹುಚ್ಚಿರುವವರು ಬೇರೆ ಕಾಲದಲ್ಲಿ ಹೋಗಬಾರದು.

ಶುಕ್ರವಾರ

ಬೆಂಗಳೂರಿನಿಂದ ನಸುಕಿನಲ್ಲಿ ಹೊರಟ ರೈಲು ಬಿಸಿಲೇರುವ ಹೊತ್ತಿಗೆ ದಾವಣಗೆರೆಯಲ್ಲಿ ಇಳಿಸಿತು. ನಿಲ್ದಾಣದ ಹೊರಗೆ ಮೇಷ್ಟ್ರು ಕೊಡೆ ಹಿಡಿದು ನಿಂತಿದ್ದರು. ನನ್ನ ತಂದೆಯ ಸ್ನೇಹಿತರು. ಇಲ್ಲಿನ ಚಿತ್ರಕಲಾ ಶಾಲೆಯಲ್ಲಿ ಕಲಿತು, ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಸಂಬಳದಲ್ಲಿ ಮಕ್ಕಳನ್ನು ಓದಿಸಿದೆ, ನಾಟಕದ ಪರದೆ ಬರೆದು ಮನೆ ಕಟ್ಟಿದೆ ಎಂದು ಹೇಳಿಕೊಳ್ಳುತ್ತಾರೆ.

ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟು ಈ ಊರಿನಲ್ಲಿ ಬಹಳ ಕಾಲ ಒಂದು ಗಡಿಯಂತೆಯೇ ಇತ್ತು. ಒಂದು ಕಡೆ ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬ್ಲಾಕುಗಳ ಅಗಲ ರಸ್ತೆಗಳು, ವೈದ್ಯರ ಫಲಕಗಳು, ಹಾಸ್ಟೆಲುಗಳು. ಇನ್ನೊಂದು ಕಡೆ ಹಳೆಯ ಪೇಟೆಗಳು. ಹೊಸ ಬಡಾವಣೆಯವರು ಹಳೇ ಊರಿಗೆ ಬಟ್ಟೆಗೆ, ಬಂಗಾರಕ್ಕೆ, ಊರದೇವತೆ ದುಗ್ಗಮ್ಮನ ದರ್ಶನಕ್ಕೆ ಹೋಗಿಬರುತ್ತಾರೆ. ಹಳೇ ಊರಿನವರು ಹೊಸ ಊರಿಗೆ ಆಸ್ಪತ್ರೆಗೆ ಹೋಗುತ್ತಾರೆ. ಇದು ಮೇಷ್ಟ್ರ ವಿವರಣೆ. ಅವರು ಹಳೇ ಊರಿನವರಾದ್ದರಿಂದ ಸ್ವಲ್ಪ ಉಪ್ಪು ಕಾರ ಬೆರೆಸಿರಬಹುದು.

ಮಂಡಿಪೇಟೆ, ಚೌಕಿಪೇಟೆ, ದೊಡ್ಡಪೇಟೆ ಸುತ್ತಿದೆವು. ಎತ್ತಿನ ಗಾಡಿಗೆಂದು ಅಳೆದು ಬಿಟ್ಟ ಓಣಿಗಳಲ್ಲಿ ಈಗ ಟೆಂಪೊಗಳು ಎದುರುಬದುರಾಗಿ ನಿಂತು ಹಾರ್ನ್ ಹೊಡೆಯುತ್ತವೆ. ಹೈದರಾಲಿಯು ಈ ಊರನ್ನು ಆಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದನೆಂದೂ ಗ್ಯಾಸೆಟಿಯರ್ ಹೇಳುತ್ತದೆ. ಊರು ಬೆಳೆದದ್ದು ಹಾಗೆ, ಚೀಲ ಮತ್ತು ತಕ್ಕಡಿಯಿಂದ. ಚಿತ್ರದುರ್ಗಕ್ಕೆ ಪಾಳೆಯಗಾರರ ಕೋಟೆಯಿದೆ, ಮೈಸೂರಿಗೆ ಅರಮನೆಯಿದೆ. ದಾವಣಗೆರೆಗೆ ಇವೆರಡೂ ಇಲ್ಲ. 1997ರವರೆಗೆ ಅದು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹೀಗಾಗಿ ಇಲ್ಲಿನ ಕಲಾವಿದನಿಗೆ ಶಾಲು ಹೊದಿಸಿ ಮಾಸಾಶನ ಕೊಡುವ ದೊರೆ ಯಾವತ್ತೂ ಇರಲಿಲ್ಲ. ಟಿಕೆಟ್ಟು ಕೊಂಡು ಒಳಗೆ ಬಂದವನೇ ಅವನಿಗೆ ದೊರೆ. ಹತ್ತಿ ಮಾರಿ ಬಂದ ರೈತ, ಮಿಲ್ಲಿನ ಕಾರ್ಮಿಕ, ಮಂಡಿಯ ಗುಮಾಸ್ತ ಕೊಟ್ಟ ಕಾಸಿನಲ್ಲಿ ರಾಮ, ರಾವಣ, ಸದಾರಮೆಯರ ಸಂಸಾರ ನಡೆಯುತ್ತಿತ್ತು. ಈ ಊರಿನ ಗುಣಾವಗುಣಗಳೆಲ್ಲ ಅಲ್ಲಿಂದಲೇ ಬಂದವು ಎಂದು ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ವಸಂತ ಟಾಕೀಸಿನ ಆಸುಪಾಸಿಗೆ ಬಂದಾಗ ಮೇಷ್ಟ್ರು ನಿಂತರು. "ದೋಸೆ ಇಲ್ಲಿಂದ ಶುರು" ಎಂದರು. ಊರಿನಲ್ಲಿ ಎಲ್ಲರೂ ಒಪ್ಪಿ ಹೇಳುವ ಕಥೆ ಇದು: 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ಇಲ್ಲಿದ್ದ ಸಾವಳಗಿ ನಾಟಕ ಥಿಯೇಟರಿನ ಪಕ್ಕ ದೋಸೆಯ ಅಂಗಡಿ ಇಟ್ಟರು. ಆಗ ಅದು ರಾಗಿ ಹಿಟ್ಟಿನ ದೋಸೆ. ಹತ್ತು ವರ್ಷದ ನಂತರ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟಿಗೆ ಬಂದರು, ಮೇಲೆ ಬೆಣ್ಣೆ ಹಾಕಿದರು. 1944ರಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಹೋಟೆಲು ಮಾಡಿಕೊಂಡರು. ನಾಟಕ ಥಿಯೇಟರ್ ಈಗಿಲ್ಲ. ಅದರ ಮಗ್ಗುಲಲ್ಲಿ ಹುಟ್ಟಿದ ದೋಸೆ ಮಾತ್ರ ಬೆಂಗಳೂರಿನ ಎಲ್ಲ ಬಡಾವಣೆಗಳಿಗೂ ದಾವಣಗೆರೆಯ ಹೆಸರು ಹೊತ್ತು ಹೋಗಿದೆ.

ತಿಂದೆವು. ಸೌದೆ ಒಲೆಯ ಮೇಲೆ ಬೆಂದ, ಅಂಗೈಗಿಂತ ತುಸು ದೊಡ್ಡದಾದ ದೋಸೆ. ಅರಿಶಿನ ಕಾಣದ ಬಿಳಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಬೆಂಗಳೂರಿನಲ್ಲಿ ಇದೇ ಹೆಸರಿನಲ್ಲಿ ಬರುವ, ತಟ್ಟೆಯಿಂದ ಹೊರಗೆ ಚಾಚಿದ ಗರಿಗರಿ ವಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ಯಾವ ಹೋಟೆಲು ಉತ್ತಮ ಎಂದು ನಾನು ಬರೆಯುವುದಿಲ್ಲ. ಆ ವಿಷಯಕ್ಕೆ ಇಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳಿವೆ.

ಸಂಜೆ ಮೇಷ್ಟ್ರ ಹಳೆಯ ಶಿಷ್ಯನೊಬ್ಬನ ಅಂಗಡಿಗೆ ಹೋದೆವು. ಹಿಂದೆ ಅವನು ಸಿನಿಮಾ ಬ್ಯಾನರ್, ಲಾರಿಯ ಹಿಂಬದಿಯ ಹುಲಿ, ಚುನಾವಣೆಯ ಗೋಡೆಬರಹ ಎಲ್ಲವನ್ನೂ ಬರೆಯುತ್ತಿದ್ದ. ಈಗ ಮುದ್ರಣ ಯಂತ್ರ ಇಟ್ಟುಕೊಂಡು ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಹೊರಗೆ ತೆಗೆಯುತ್ತಾನೆ. ಕುಂಚಗಳನ್ನು ಡಬ್ಬದಲ್ಲಿ ಎಣ್ಣೆ ಹಾಕಿ ಇಟ್ಟಿದ್ದಾನೆ. "ಬರೆಯುವುದನ್ನು ಬಿಟ್ಟೆ ಅಂತ ಬೇಸರವೇನಪ್ಪಾ?" ಎಂದು ಮೇಷ್ಟ್ರು ಕೇಳಿದರು. "ಬೇಸರ ಇಲ್ಲ ಸರ್. ಅವತ್ತು ಸೊಂಟ ನೋಯುತ್ತಿತ್ತು, ಇವತ್ತು ಕಣ್ಣು ನೋಯುತ್ತದೆ" ಎಂದ. ಅವನ ಕಂಪ್ಯೂಟರಿನಲ್ಲಿ ಮೂಡಿದ ರಾಜಕಾರಣಿಗಳ ಮುಖಗಳೆಲ್ಲ ಒಂದೇ ಬಣ್ಣದ ಗುಲಾಬಿ.

ಶನಿವಾರ

ಮಂಡಕ್ಕಿ ಭಟ್ಟಿ ನೋಡಬೇಕೆಂದರೆ ಬೆಳಗಿನ ಜಾವಕ್ಕೇ ಹೋಗಬೇಕು. ಕಾಗೆ ಏಳುವ ಮೊದಲೇ ಆಜಾದ್ ನಗರ, ಬಾಷಾ ನಗರದ ಕಡೆ ಹೊರಟೆವು. ಮೊದಲು ಮೂಗಿಗೆ ಸಿಗುವುದು ಸುಟ್ಟ ಹೊಟ್ಟಿನ ವಾಸನೆ. ಆಮೇಲೆ ಕಣ್ಣುರಿ. ಆಮೇಲಷ್ಟೇ ಮಸಿ ಹಿಡಿದ ಗೋಡೆಗಳು, ತಗಡಿನ ಚಾವಣಿಗಳು, ಅವುಗಳ ಸಂದಿಯಿಂದ ಕಾಣುವ ಕೆಂಪು ಬೆಂಕಿ.

ಮೇಷ್ಟ್ರ ಪರಿಚಯದ ಭಟ್ಟಿಯಲ್ಲಿ ಗಡ್ಡ ಬೆಳ್ಳಗಾದ ಯಜಮಾನರು ಬನಿಯನ್ ತೊಟ್ಟು ನಿಂತಿದ್ದರು. "ಚಾಚಾ, ಬೆಂಗಳೂರಿನವರು, ನೋಡಬೇಕಂತೆ" ಎಂದು ಮೇಷ್ಟ್ರು ಹೇಳಿದ್ದಕ್ಕೆ, "ನೋಡಲಿ, ಆದರೆ ಬಿಳಿ ಅಂಗಿ ಯಾಕೆ ಹಾಕಿಕೊಂಡು ಬಂದಿದ್ದಾರೆ?" ಎಂದರು. ಭತ್ತವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕುವುದು, ಹುರಿಯುವುದು, ಒಣಗಿಸುವುದು, ಹೊಟ್ಟು ಬೇರೆ ಮಾಡುವುದು, ಅಕ್ಕಿಗೆ ಉಪ್ಪುನೀರು ಹಿಡಿಸುವುದು, ಕಡೆಗೆ ಕಾದ ಮರಳಿನಲ್ಲಿ ಒಂದು ಹಿಡಿ ಅಕ್ಕಿ ಬಿಟ್ಟು ಕೈಯಾಡಿಸುವುದು. ಕಣ್ಣು ಮಿಟುಕಿಸುವುದರೊಳಗೆ ಅಕ್ಕಿ ಅರಳಿ ಜರಡಿಗೆ ಬೀಳುತ್ತದೆ, ಮರಳು ಕೆಳಗೆ ಉಳಿಯುತ್ತದೆ. ಒಂದು ಕ್ಷಣ ತಡವಾದರೆ ಕಂದು, ಮುಂಚೆಯಾದರೆ ಗಟ್ಟಿ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ, ಅದೇ ಭತ್ತದ ಹೊಟ್ಟಿನ ಬೆಂಕಿ.

ಈ ಕೇರಿಯನ್ನು ಚಂದವಾಗಿ ವರ್ಣಿಸುವುದು ಸುಲಭ, ಬೆಂಕಿಯ ಬೆಳಕಿನಲ್ಲಿ ಎಲ್ಲವೂ ಚಂದವೇ. ಆದರೆ ಭಟ್ಟಿಯ ಮುಂದೆ ಅರ್ಧ ಗಂಟೆ ನಿಂತರೆ ಆ ಆಸೆ ಬತ್ತುತ್ತದೆ. ಹೊಟ್ಟಿಗೆ ದುಡ್ಡು ಹೆಚ್ಚೆಂದು ಹಳೆಯ ಟೈರು ಸುಟ್ಟ ಕಾಲವೂ ಇತ್ತು. ಸಣ್ಣ ಮಕ್ಕಳು ಶಾಲೆಗೆ ಮೊದಲು ಇಲ್ಲಿ ದುಡಿದ ಕಾಲವೂ ಇತ್ತು. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಬಂದಾಗ ಭಟ್ಟಿಗಳ ಹೊಗೆಗೂ ದಾರಿ ಕಾಣಬಹುದೆಂದು ಜನ ಅಂದುಕೊಂಡರು. ಚಾಚಾ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ಯಂತ್ರ ಬಂದಿದೆ, ಹುಡುಗರು ಬರುತ್ತಿಲ್ಲ" ಎಂದಷ್ಟೇ ಹೇಳಿ, ಬಿಸಿ ಮಂಡಕ್ಕಿಯ ಒಂದು ಮೊರ ನನ್ನ ಮುಂದಿಟ್ಟರು.

ನಾಟಕಕ್ಕೂ ಈ ಕೇರಿಗೂ ಇರುವ ನಂಟನ್ನು ಮೇಷ್ಟ್ರು ದಾರಿಯಲ್ಲಿ ಬಿಡಿಸಿದರು. ಆಗ ನಾಟಕ ಮುಗಿಯುತ್ತಿದ್ದದ್ದು ರಾತ್ರಿ ಎರಡಕ್ಕೆ. ಮಿಲ್ಲಿನ ಎರಡನೇ ಪಾಳಿ ಬಿಡುತ್ತಿದ್ದದ್ದೂ ಸರಿರಾತ್ರಿಗೆ. ಆಗ ಹೊಟ್ಟೆಗೆ ಬೇಕಾದದ್ದು ಅಗ್ಗದ, ಖಾರದ, ತಕ್ಷಣ ಕೈಗೆ ಸಿಗುವ ತಿನಿಸು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಹುರಿಗಡಲೆ ಪುಡಿ ಉದುರಿಸಿದ ನರ್ಗಿಸ್ ಮಂಡಕ್ಕಿ. ಊರು ರಾತ್ರಿ ಎಚ್ಚರವಿದ್ದುದರಿಂದಲೇ ಇಲ್ಲಿ ಇಷ್ಟು ಬಗೆಯ ತಿಂಡಿ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಈಗ ಡಿ.ಸಿ.ಎಂ. (ದಾವಣಗೆರೆ ಕಾಟನ್ ಮಿಲ್ಸ್) ಎಂಬುದು ಬಡಾವಣೆಯ ಹೆಸರಾಗಿ ಉಳಿದಿದೆ. ಕಾರ್ಮಿಕರ ನಡುವಿನಿಂದ ಬಂದ ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು ಈ ವ್ಯಾಪಾರಿಗಳ ಊರು ಮೂರು ಸಲ ವಿಧಾನಸಭೆಗೆ ಕಳಿಸಿತ್ತು. ಇಂದಿನ ಗೋಡೆಬರಹಗಳನ್ನು ನೋಡಿದವರು ಅದನ್ನು ನಂಬುವುದು ಕಷ್ಟ.

ಹಗಲಿಡೀ ಲಾಡ್ಜಿನಲ್ಲಿ ಮಲಗಿದ್ದೆ. ಬಿಸಿಲಿಗೆ ಬೀದಿನಾಯಿಗಳೂ ಹೊರಗಿರಲಿಲ್ಲ.

ರಾತ್ರಿ ನಾಟಕ. ಊರಿನ ಮೈದಾನದಲ್ಲಿ ಒಂದು ಕಂಪನಿ ಕ್ಯಾಂಪ್ ಹಾಕಿತ್ತು. ಅದರ ಹೆಸರು ಇಲ್ಲಿ ಬೇಡ. ದಿನಕ್ಕೆ ಎರಡು ಆಟ, ಆರೂಕಾಲಕ್ಕೊಂದು, ಒಂಬತ್ತೂಮುಕ್ಕಾಲಕ್ಕೊಂದು. ತಗಡಿನ ಥಿಯೇಟರ್, ಎತ್ತರದ ಫ್ಯಾನುಗಳು, ಪ್ಲಾಸ್ಟಿಕ್ ಕುರ್ಚಿ. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನೇ ಎರಡನೇ ಅಂಕದಲ್ಲಿ ಸಾಹುಕಾರನಾಗಿ ಬಂದ. ರಂಗದ ಹಿಂದೆ ಕಲಾವಿದರ ಬಿಡಾರ. ಪರದೆಯ ಈಚೆ ಮಗಳ ಮದುವೆಗೆ ಸಾಲ ಹುಟ್ಟದೆ ತಾಯಿ ಗೋಳಾಡುತ್ತಿದ್ದರೆ, ಆಚೆಯಿಂದ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಯಾರೂ ನಗಲಿಲ್ಲ. ಆ ಸದ್ದು ಅಲ್ಲಿನವರಿಗೆ ನಾಟಕದ ಒಂದು ಭಾಗ.

ನನಗೆ ಬೇಸರ ತಂದದ್ದು ಹಾಸ್ಯ. ಎರಡರ್ಥದ ಮಾತುಗಳು ಒಂದರ ಬೆನ್ನಿಗೊಂದು. ಅತ್ತೆ, ಸೊಸೆ, ಪಕ್ಕದ ಮನೆಯಾಕೆ, ಯಾರನ್ನೂ ಬಿಡಲಿಲ್ಲ. ಹಾರ್ಮೋನಿಯಂ ಜಾಗದಲ್ಲಿ ಕೀಬೋರ್ಡ್, ತಬಲದ ಜಾಗದಲ್ಲಿ ಪ್ಯಾಡ್. ವಿರಾಮದಲ್ಲಿ ಮೇಷ್ಟ್ರ ಬಳಿ ಗೊಣಗಿದೆ. ಅವರು ಮುಂದಿನ ಸಾಲುಗಳ ಕಡೆ ಕೈ ತೋರಿಸಿದರು. "ಅದನ್ನು ತೆಗೆದುಬಿಡಪ್ಪಾ, ಆ ಮೂರು ಸಾಲು ಖಾಲಿಯಾಗುತ್ತದೆ. ಮೂರು ಸಾಲು ಖಾಲಿಯಾದರೆ ಹಿಂದೆ ಕುಕ್ಕರ್ ಕೂಗುವುದಿಲ್ಲ." ಟಿಕೆಟ್ಟನ್ನೇ ನಂಬಿದ ಕಲೆಗೆ ಇದು ಸಹಜವಾದ ರೋಗ. ಆದರೂ ನಾನು ಒಪ್ಪಲಿಲ್ಲ. ಇದೇ ಊರಿನ ಚಿಂದೋಡಿ ವೀರಪ್ಪನವರು ಕೆ.ಬಿ.ಆರ್. ಡ್ರಾಮಾ ಕಂಪನಿ ಕಟ್ಟಿದ್ದೂ ಟಿಕೆಟ್ಟಿನ ಮೇಲೆಯೇ. ಅವರ ಮಗಳು ಚಿಂದೋಡಿ ಲೀಲಾ ಅದೇ ರಂಗದ ಮೇಲೆ ಬೆಳೆದು, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಳ್ಳುವವರೆಗೂ ಕಂಪನಿ ನಾಟಕದ ಹೆಸರನ್ನು ಎತ್ತಿ ಹಿಡಿದರು. ಗದುಗಿನ ಪಂಚಾಕ್ಷರಿ ಗವಾಯಿಗಳ ಬದುಕನ್ನು 1995ರಲ್ಲಿ ತೆರೆಗೆ ತಂದದ್ದೂ ಇದೇ ಮನೆತನ. ಹಂಸಲೇಖರಿಗೆ ಸಂಗೀತಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ ಆ ಚಿತ್ರ ರಾಷ್ಟ್ರಪ್ರಶಸ್ತಿ ತಂದಿತು. ತಮ್ಮ ಅಂಧ ಶಿಷ್ಯರ ಹೊಟ್ಟೆ ಹೊರೆಯಲು ಆ ಗವಾಯಿಗಳೇ ನಾಟಕ ಕಂಪನಿ ನಡೆಸಿದವರು. ಅಲ್ಲಿಯೂ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದರು.

ಇಷ್ಟೆಲ್ಲ ವಾದ ಮಾಡಿ ಒಳಗೆ ಹೋದೆ. ಮೂರನೇ ಅಂಕದಲ್ಲಿ ತಾಯಿಯ ಪಾತ್ರದ ಹಿರಿಯ ನಟಿ ಮೈಕಿನಿಂದ ದೂರ ಸರಿದು, ಬರೀ ಗಂಟಲಿನಲ್ಲಿ ಒಂದು ಕಂದ ಪದ್ಯ ಎತ್ತಿದರು. ಕಟ್ಟಕಡೆಯ ಕುರ್ಚಿಯವರೆಗೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. "ಒನ್ಸ್ ಮೋರ್" ಎಂದು ಕೂಗಿದವರಲ್ಲಿ ನಾನೂ ಇದ್ದೆ, ಎರಡರ್ಥಕ್ಕೆ ಸಿಳ್ಳೆ ಹೊಡೆದ ಮುಂದಿನ ಸಾಲಿನವರೂ ಇದ್ದರು.

ಭಾನುವಾರ

ಕಂಪನಿಗಳಿಗಿಂತ ದೊಡ್ಡ ಲೋಕವೊಂದು ಈ ಊರಿನ ಓಣಿಗಳಲ್ಲಿ ಅಡಗಿದೆ ಎಂದು ಮೇಷ್ಟ್ರು ಹೇಳುತ್ತಲೇ ಇದ್ದರು. ಅದು ಹಳ್ಳಿ ನಾಟಕಗಳ ಲೋಕ. ಯುಗಾದಿಯಿಂದ ಮುಂಗಾರಿನವರೆಗೆ ಸುತ್ತಲ ಊರುಗಳಲ್ಲಿ ಜಾತ್ರೆ, ರಥೋತ್ಸವ. ಜಾತ್ರೆಯೆಂದರೆ ನಾಟಕ. ಪಾತ್ರ ಮಾಡುವವರು ಊರಿನ ಯುವಕರೇ, ಆದರೆ ಉಳಿದದ್ದೆಲ್ಲ ಪೇಟೆಯಿಂದ ಹೋಗಬೇಕು: ಪರದೆ, ಝಗಝಗಿಸುವ ಅಂಗಿ, ಕಿರೀಟ, ಲೈಟು, ಮೈಕು, ತಾಲೀಮು ಕೊಡುವ ಹಾರ್ಮೋನಿಯಂ ಮಾಸ್ತರು, ಕಡೆಗೆ ಸ್ತ್ರೀ ಪಾತ್ರಕ್ಕೆ ನಟಿಯರು.

ಮೊದಲು ಸೀನರಿ ಗೋದಾಮಿಗೆ ಹೋದೆವು. ಬಾಗಿಲು ತೆರೆದರೆ ಸುರುಳಿ ಸುತ್ತಿದ ಪರದೆಗಳು ಬೊಂಬುಗಳ ಮೇಲೆ ಸಾಲಾಗಿ ಮಲಗಿದ್ದವು. ಅರಮನೆ, ಕಾಡು, ಬೀದಿ, ಬಡವನ ಮನೆ, ಸೆರೆಮನೆ. ಈ ಐದು ಪರದೆಗಳಿದ್ದರೆ ಯಾವ ನಾಟಕವನ್ನಾದರೂ ಆಡಿಸಬಹುದಂತೆ. ಮೇಷ್ಟ್ರು ಒಂದನ್ನು ಅರ್ಧ ಬಿಚ್ಚಿಸಿದರು. ಅವರೇ ಬರೆದ ಬೀದಿಯ ಪರದೆ: ಅಂಟು ಬೆರೆಸಿದ ಪುಡಿ ಬಣ್ಣ, ದೂರಕ್ಕೆ ಕಿರಿದಾಗುತ್ತ ಹೋಗುವ ಸಾಲುಮನೆಗಳು, ಒಂದು ಗಡಿಯಾರ ಗೋಪುರ. ಯಾವ ಊರಿನ ಬೀದಿ ಎಂದು ಕೇಳಿದೆ. "ಯಾವ ಊರಿನದ್ದೂ ಅಲ್ಲ, ಅದಕ್ಕೇ ಎಲ್ಲ ಊರಿಗೂ ನಡೆಯುತ್ತದೆ" ಎಂದರು. ಕೆಳಗಿನ ಅಂಚಿನ ಬಣ್ಣ ಉದುರಿತ್ತು. ಅದನ್ನು ತಿದ್ದಿಕೊಡುವಂತೆ ಗೋದಾಮಿನವರು ಕೇಳಿದಾಗ ಮೇಷ್ಟ್ರು ಚಕ್ಕನೆ ದರ ಹೇಳಿದರು. ಸ್ನೇಹಕ್ಕೆ ಒಂದು ರೂಪಾಯಿಯನ್ನೂ ಇಳಿಸಲಿಲ್ಲ.

ಅಲ್ಲಿಂದ ಹೋದ ಹಾರ್ಮೋನಿಯಂ ಮಾಸ್ತರರೊಬ್ಬರ ಮನೆ ಹೊಂಡದ ಸರ್ಕಲ್ಲಿನ ಹಿಂದಿನ ಸಂದಿಯಲ್ಲಿ. ಒಂದೇ ಕೋಣೆ. ಮಂಚದ ಮೇಲೆ ಹಾರ್ಮೋನಿಯಂ, ನೆಲದ ಮೇಲೆ ಮಾಸ್ತರು. ಎರಡು ತಿಂಗಳು ಒಂದು ಹಳ್ಳಿಯಲ್ಲಿ ಉಳಿದು, ಉಳುಮೆ ಮುಗಿಸಿ ಬಂದ ಹುಡುಗರಿಗೆ ರಾತ್ರಿ ಮಾತು, ಹಾಡು, ನಡಿಗೆ ಕಲಿಸುವುದು ಅವರ ಕೆಲಸ. ಹಳ್ಳಿ ನಾಟಕದ ಲೆಕ್ಕ ಕಂಪನಿಯ ಲೆಕ್ಕಕ್ಕೆ ತಿರುಗುಮುರುಗು: ಇಲ್ಲಿ ನಟನೇ ದುಡ್ಡು ಕೊಡಬೇಕು. ನಾಯಕನ ಪಾತ್ರಕ್ಕೆ ಹೆಚ್ಚು, ಖಳನಿಗೂ ಹೆಚ್ಚುಕಡಿಮೆ ಅಷ್ಟೇ, ಸೇವಕನಿಗೆ ಕಡಿಮೆ. ಪಾತ್ರಕ್ಕಾಗಿ ಹಸು ಮಾರಿದವರಿದ್ದಾರೆ. ನಾಟಕದ ರಾತ್ರಿ ನೆಂಟರು ವೇದಿಕೆಗೇ ಬಂದು ಅಂಗಿಗೆ ನೋಟು ಸಿಕ್ಕಿಸುತ್ತಾರೆ. ಮೈಕಿನಲ್ಲಿ ಅವರ ಹೆಸರು ಓದುತ್ತಾರೆ. ಅಷ್ಟು ಹೊತ್ತು ದುರ್ಯೋಧನ ಗದೆ ಇಳಿಸಿ ಕಾಯುತ್ತಾನೆ. "ಅಭಿನಯ ಬಾರದವನಿಗೆ ಏನು ಮಾಡುತ್ತೀರಿ?" ಎಂದೆ. "ಹಾಡು ಕಡಿಮೆ ಮಾಡಿ ಸಾವು ಬೇಗ ಕೊಡುತ್ತೇನೆ" ಎಂದು ಮಾಸ್ತರು ನಗದೆ ಹೇಳಿದರು.

ಅಲ್ಲಿಗೇ ಒಬ್ಬ ನಟಿ ಬಂದರು. ವಯಸ್ಸು ಐವತ್ತರ ಆಚೆ ಇರಬಹುದು, ಕೈಯಲ್ಲಿ ತರಕಾರಿ ಚೀಲ. ಮೇಷ್ಟ್ರು "ಅಕ್ಕಾ, ಕುಳಿತುಕೊಳ್ಳಿ" ಎಂದು ಚಾಪೆ ಎಳೆದರು. ಈ ಊರಿನಲ್ಲಿ ನಟಿಯರನ್ನು ಹಾಗೆ ಕೂರಿಸುವವರು ಎಲ್ಲರೂ ಅಲ್ಲ ಎಂಬುದು ಅವರ ಮಾತಿನಿಂದ ತಿಳಿಯಿತು. ಬಾಡಿಗೆ ಮನೆ ಕೇಳಲು ಹೋದಾಗ ಕಸುಬು ಹೇಳಿದರೆ ಬಾಗಿಲು ಮುಚ್ಚುತ್ತದೆ, ಟೈಲರಿಂಗ್ ಎಂದು ಹೇಳುತ್ತೇವೆ ಎಂದರು. ಸೀಸನ್ನಿನಲ್ಲಿ ನಿದ್ದೆಯೆಂದರೆ ಬಸ್ಸಿನಲ್ಲಿ ಮಾತ್ರ. ಇವತ್ತು ಹರಪನಹಳ್ಳಿ ಕಡೆ, ನಾಳೆ ಜಗಳೂರು ಕಡೆ, ನಾಳಿದ್ದು ಹೊನ್ನಾಳಿ. ಕಡೆಯ ಎರಡು ತಾಲೀಮಿಗೆ ಹೋದರೆ ಸಾಕು, ಪಾತ್ರವೆಲ್ಲ ಬಾಯಲ್ಲಿದೆ. ಎದುರಿನವನು ಮಾತು ಮರೆತರೆ ಅವನದ್ದನ್ನೂ ಸೇರಿಸಿ ತಾವೇ ಹೇಳಿಬಿಡುತ್ತಾರೆ. "ದ್ರೌಪದಿ ಮಾಡಿದರೆ ಜನ ಕೈ ಮುಗಿಯುತ್ತಾರೆ. ಬೆಳಿಗ್ಗೆ ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಯಾರೂ ಮಾತಾಡಿಸುವುದಿಲ್ಲ" ಎಂದರು. ದೂರುವ ದನಿಯಿರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದರು. ಅಲೆಮಾರಿ ಕಲಾವಿದರ ಸ್ವಚ್ಛಂದ ಬದುಕು ಎಂದು ಬರೆಯುವವರು ಈ ಚಾಪೆಯ ಮೇಲೆ ಒಂದು ಗಂಟೆ ಕುಳಿತು ಆಮೇಲೆ ಬರೆಯಲಿ. ಕಂಪನಿ ನಾಟಕದ ಪರಂಪರೆಗೆಂದೇ ಸರ್ಕಾರ ಈಗ ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿ ರಂಗಾಯಣ ಮಾಡಿದೆ. ಒಳ್ಳೆಯದೇ. ಬಾಡಿಗೆ ಮನೆಯ ಬಾಗಿಲು ಅದರಿಂದ ತೆರೆಯುತ್ತದೆಯೇ ಎಂದು ಕೇಳಿದ್ದಕ್ಕೆ ಅಕ್ಕ ತರಕಾರಿ ಚೀಲ ಎತ್ತಿಕೊಂಡರು.

ಹಿಂದಿರುಗುವಾಗ ಒಂದು ಗರಡಿಮನೆಗೆ ಇಣುಕಿದೆವು. 'ಹನುಮಂತನ ಮುಂದೆ ಚಪ್ಪಲಿ ಬಿಡಿ' ಎಂಬ ಬರಹ, ಒಳಗೆ ಕೆಮ್ಮಣ್ಣಿನ ಅಖಾಡ, ಹುಡುಗರು ಸಾಮು ತೆಗೆಯುತ್ತಿದ್ದರು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಕುಸ್ತಿಗೆ ದೂರದೂರದ ಪೈಲ್ವಾನರು ಬರುತ್ತಾರೆ, ಊರಿನ ಮನೆಮನೆಯೂ ನೆಂಟರಿಂದ ತುಂಬುತ್ತದೆ. ಆ ವರ್ಷ ಹೋಗುವವರು ಲಾಡ್ಜಿನ ಆಸೆ ಬಿಟ್ಟು ಪರಿಚಯದವರ ಮನೆ ನೋಡಿಕೊಳ್ಳುವುದು ಕ್ಷೇಮ.

ಸೋಮವಾರ

ದೃಶ್ಯಕಲಾ ಕಾಲೇಜಿಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. 1964ರಲ್ಲಿ ಆರಂಭವಾದ ಸಂಸ್ಥೆ, ಈಗ ದಾವಣಗೆರೆ ವಿಶ್ವವಿದ್ಯಾಲಯದ್ದು. ಮಿಲ್ಲು, ಮಂಡಿಗಳ ಊರಿಗೆ ಚಿತ್ರಕಲೆಯ ಶಾಲೆ ಬಂದಾಗ ಜನ ನಕ್ಕಿದ್ದರಂತೆ. ಆಮೇಲೆ ಸುತ್ತಲ ಜಿಲ್ಲೆಗಳ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮೇಷ್ಟ್ರುಗಳು ಇಲ್ಲಿಂದಲೇ ಹೋದರು.

ಅಂಗಳದಲ್ಲಿ ಬೇವಿನ ನೆರಳಿಗೆ ಒಬ್ಬಳು ಹುಡುಗಿ ಜೇಡಿಮಣ್ಣಿನಲ್ಲಿ ತಲೆಯೊಂದನ್ನು ಮಾಡುತ್ತಿದ್ದಳು. ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಮಾರುವ ಅಜ್ಜಿಯ ತಲೆ. ಅವಳ ಸ್ಕೆಚ್ ಪುಸ್ತಕ ತಿರುವಿದೆ: ರೈಲು ನಿಲ್ದಾಣದಲ್ಲಿ ಮಲಗಿದವರು, ಭಟ್ಟಿಯ ತಗಡುಗಳು, ಎತ್ತಿನ ಗಾಡಿಯ ಗಾಲಿ. ಹೊಸ ಬಡಾವಣೆಯ ಒಂದು ಕಟ್ಟಡವೂ ಇಲ್ಲ. ಯಾಕೆಂದು ಕೇಳಿದರೆ, "ಅಲ್ಲಿ ಕೂರಲು ಬಿಡುವುದಿಲ್ಲ ಸರ್, ವಾಚ್‌ಮನ್ ಎಬ್ಬಿಸುತ್ತಾನೆ" ಎಂದಳು. ಸಂಜೆ ಇವರೆಲ್ಲ ರಾಂ ಅಂಡ್ ಕೋ ಸರ್ಕಲ್ಲಿಗೆ, ಮಾಮಾಸ್ ಜಾಯಿಂಟ್ ರಸ್ತೆಗೆ ಹೋಗಿ ವೈದ್ಯಕೀಯ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಪಾನಿಪುರಿ ತಿನ್ನುತ್ತಾರೆ. ಊರಿನ ರಾತ್ರಿ ಈಗ ಹಳೇ ಪೇಟೆಯಿಂದ ಅಲ್ಲಿಗೆ ವಲಸೆ ಹೋಗಿದೆ. ಬೆಳಕು ಜಾಸ್ತಿ, ಗಲಾಟೆ ಜಾಸ್ತಿ, ಹತ್ತೂವರೆಗೆ ಎಲ್ಲ ಬಂದ್. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಇಪ್ಪತ್ತರ ಹರೆಯದಲ್ಲಿ ಹಿಡಿಸುತ್ತಿತ್ತು.

ಹುಡುಗಿಗೆ ಮೇಷ್ಟ್ರು ಪರದೆ ತಿದ್ದುವ ಕೆಲಸ ಕೊಟ್ಟರು. ಬಣ್ಣ ತಮ್ಮದು, ಕೂಲಿಯಲ್ಲಿ ಅರ್ಧ ಅವಳದು. ಅವಳು ಮುಕ್ಕಾಲು ಕೇಳಿದಳು. ಮೇಷ್ಟ್ರು ಹತ್ತು ನಿಮಿಷ ಹೋರಾಡಿ ಸೋತರು. ಹೊರಗೆ ಬಂದಾಗ ಅವರ ಮುಖದಲ್ಲಿ ಸಂತೋಷವಿತ್ತು.

ಮಧ್ಯಾಹ್ನದ ರೈಲಿಗೆ ಚೀಲ ಕಟ್ಟುತ್ತಿದ್ದಾಗ ಮಾಸ್ತರರ ಫೋನು ಬಂತು. ಮರುದಿನ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಟಕ, ಅಕ್ಕನದ್ದೇ ದ್ರೌಪದಿ, ದುಶ್ಯಾಸನ ಮಾಡುವವನು ಗ್ರಾಮ ಪಂಚಾಯಿತಿ ಸದಸ್ಯ. ನಾನು ಲಾಡ್ಜಿನವರಿಗೆ ಇನ್ನೊಂದು ದಿನದ ಬಾಡಿಗೆ ಕೊಟ್ಟು ಟಿಕೆಟ್ ರದ್ದು ಮಾಡಿಸಿದೆ. ನಾಟಕ ಎಷ್ಟು ಗಂಟೆಗೆ ಎಂದು ಕೇಳಿದೆ. "ಕರಪತ್ರದಲ್ಲಿ ಹತ್ತು ಎಂದು ಹಾಕಿದ್ದಾರೆ, ಹನ್ನೊಂದೂವರೆಗೆ ಬಂದರೆ ಸಾಕು" ಎಂದರು ಮಾಸ್ತರು. "ಕುರ್ಚಿ ಇರುವುದಿಲ್ಲ, ಚಾಪೆ ನೀವೇ ತನ್ನಿ. ಮತ್ತೆ, ದುಶ್ಯಾಸನನಿಗೆ ನೋಟು ಸಿಕ್ಕಿಸುವಾಗ ಪಿನ್ನು ನೋಡಿ ಚುಚ್ಚಿ, ಹೋದ ವರ್ಷ ಜಗಳವಾಗಿತ್ತು."